ಒಂದು ತೋಳು ಉದ್ದದ ಸ್ವೆಟರ್

ನವೆಂಬರ್ ೧೪

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದವಳು ತಿಂಗಳು ಕಳೆದ ಮೇಲೆ ಬರೆಯುತ್ತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ತಪ್ಪೆಲ್ಲ ನನ್ನದೇ ಅಲ್ಲ. ಇಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತದೆ. ಬರೆಯುವ ಮೊದಲು ಪೆನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರಬೇಕು, ಜ್ವರ ನೋಡಿಕೊಳ್ಳುವವರ ಹಾಗೆ. ಬರೆದರೂ ಅದನ್ನು ಒಯ್ಯಲು ಲಾರಿ ಬರಬೇಕು. ಹಿಮ ದಾರಿ ಬಿಟ್ಟ ದಿನ ಲಾರಿ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಊರು ಎಂದರೆ ಒಂದೇ ಬೀದಿ. ಆ ತುದಿಯಲ್ಲಿ ಗಣಿ, ಈ ತುದಿಯಲ್ಲಿ ನಮ್ಮ ಅಂಚೆ ಕಚೇರಿ. ಮುಂದಿನ ಕೋಣೆ ಕಚೇರಿ, ಹಿಂದಿನದು ನನ್ನ ಮನೆ, ಎರಡಕ್ಕೂ ಸೇರಿ ಒಂದು ಕಬ್ಬಿಣದ ಒಲೆ. ಅದಕ್ಕೆ ಮುಖ ಕೊಟ್ಟರೆ ಬೆನ್ನು ಸೆಟೆಯುತ್ತದೆ, ಬೆನ್ನು ಕೊಟ್ಟರೆ ಮೂಗು. ಒಗೆದು ಹೊರಗೆ ಹಾಕಿದ ನನ್ನ ಪ್ಯಾಂಟು ಹಲಗೆಯಾಗಿ ಹೋಯಿತು. ಒಳಗೆ ತಂದು ಗೋಡೆಗೆ ಆನಿಸಿದರೆ ತಾನೇ ನಿಂತುಕೊಂಡಿತು. ನೀವಿದ್ದಿದ್ದರೆ ನಕ್ಕು ನಕ್ಕು ಸುಸ್ತಾಗುತ್ತಿದ್ದಿರಿ.

ಪೋಸ್ಟ್‌ಮಾಸ್ಟರ್ ಒಳ್ಳೆಯ ಮನುಷ್ಯ. ಮೀಸೆಯ ತುಂಬ ಮಂಜು ಕಟ್ಟಿಕೊಂಡು ಬೆಳಿಗ್ಗೆ ಬಂದರೆ ಅದು ಕರಗುವವರೆಗೆ ಮಾತಾಡುವುದಿಲ್ಲ. ನನ್ನ ಹೆಸರು ಅವರ ಬಾಯಿಗೆ ಬರುವುದಿಲ್ಲವಂತೆ, ಅದಕ್ಕೆ "ಬಿಸಿಲೂರಿನವಳು" ಎಂದು ಕರೆಯುತ್ತಾರೆ. ಈಗ ಇಡೀ ಬೀದಿ ಹಾಗೇ ಕರೆಯುತ್ತದೆ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಮನಸ್ಸು ಬದಲಾಗಿಲ್ಲ. "ಯಾರೂ ಹೋಗದ ಜಾಗ ಅಂತಾರೆ, ನೀನು ಹೋಗಿ ಬಾ. ಗಾಳಿ ಬದಲಾದ್ರೆ ಮನಸ್ಸೂ ಬದಲಾಗತ್ತೆ" ಎಂದು ನೀವೇ ಅಂದಿರಿ, ನನ್ನ ವರ್ಗಾವಣೆಗೆ ನೀವೇ ಓಡಾಡಿದಿರಿ. ಅಲ್ಲಿ ನಿಮ್ಮ ಮಗ ಇಲ್ಲದ ಕುರ್ಚಿ, ನಿಮ್ಮ ಮಗ ಇಲ್ಲದ ಊಟದ ಮೇಜು ಎಂದು ಒಂದೊಂದನ್ನೇ ನೋಡಿ ಅಳಬಹುದಿತ್ತು. ಇಲ್ಲಿ ಅವರು ಕೂತೆದ್ದ ಕುರ್ಚಿಯೇ ಇಲ್ಲ. ಅಲ್ಲಿ ಅವರು ತೀರಿಹೋದರು ಎನ್ನುವುದು ಇಬ್ಬರಿಗೆ ಗೊತ್ತಿತ್ತು, ಇಲ್ಲಿ ನನಗೊಬ್ಬಳಿಗೆ. ಹೊತ್ತುಕೊಂಡು ತಿರುಗಲು ತುಂಬ ಭಾರವಾಗುತ್ತದೆ ಅತ್ತೆ.

ಎಡಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ.

ನಿಮ್ಮ ಸೊಸೆ

~

ಜನವರಿ ೯

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ನಿಮ್ಮ ಕಾರ್ಡು ಬಂತು. ಮೂರೇ ಸಾಲು. "ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಎಲ್ಲರೂ ಕ್ಷೇಮ." ಎಲ್ಲರೂ ಎಂದರೆ ಯಾರು? ನೀವೂ ನಿಮ್ಮ ಹೊಲಿಗೆ ಯಂತ್ರವೂ ತಾನೆ? ಬ್ಲೌಸ್ ಕೊಡಲು ಬಂದವರ ಹತ್ತಿರ ಗಂಟೆಗಟ್ಟಲೆ ಮಾತಾಡುವ ಬಾಯಿ, ನನಗೆ ಬರೆಯುವಾಗ ಯಾಕೆ ಹೀಗೆ ಹೊಲಿದುಕೊಂಡಿದೆ?

ಹೋಗಲಿ ಬಿಡಿ. ಇಲ್ಲಿಯ ಸುದ್ದಿ ಕೇಳಿ. ಮೊನ್ನೆ ಬ್ರೆಡ್ ಅಂಗಡಿಯವನಿಗೆ ಒಂದು ಪಾರ್ಸಲ್ ಬಂತು. ಅವನ ಮಗಳು ಗಾಜಿನ ಹೂಜಿ ಕಳಿಸಿದ್ದಳು. ಲಾರಿಯಿಂದ ಇಳಿದ ಕೂಡಲೇ ಆತುರಕ್ಕೆ ಬಿಚ್ಚಿದ, ಬಿಸಿ ಕೈಯಲ್ಲಿ ಹಿಡಿದ, ಹೂಜಿ ಟಪ್ಪೆಂದು ಎರಡಾಯಿತು. ಪೋಸ್ಟ್‌ಮಾಸ್ಟರ್ ತಲೆ ಚಚ್ಚಿಕೊಂಡರು. "ಎಷ್ಟು ಸಲ ಹೇಳೋದಪ್ಪ, ಅಷ್ಟು ಚಳಿಯಿಂದ ಬಂದಿದ್ದನ್ನ ತಕ್ಷಣ ಬಿಚ್ಚಬಾರ್ದು. ಒಲೆ ಪಕ್ಕ ಸುಮ್ನೆ ಇಡು. ಅದು ಮನೆಗೆ ಬಂದೆ ಅಂತ ಅದಕ್ಕೇ ಗೊತ್ತಾಗ್ಬೇಕು." ನಮ್ಮ ಕಚೇರಿಯ ಮುಖ್ಯ ನಿಯಮ ಇದೇ. ಲಾರಿ ಬಂದ ದಿನ ಒಲೆಯ ಸುತ್ತ ಪಾರ್ಸಲ್‌ಗಳು ಕೂತಿರುತ್ತವೆ, ಅವುಗಳ ಹಿಂದೆ ಜನ ಕೂತಿರುತ್ತಾರೆ. ಬಿಚ್ಚಿದ ಮೇಲಿನದಕ್ಕಿಂತ ಕಾಯುವಾಗಲೇ ಅವರ ಮುಖ ಚೆನ್ನಾಗಿರುತ್ತದೆ.

ನನಗೂ ಒಂದು ಪಾರ್ಸಲ್ ಕಳಿಸುತ್ತೀರಾ? ಹೆಚ್ಚೇನೂ ಬೇಡ. ನಮ್ಮ ಕೋಣೆಯ ಬೀರುವಿನ ಕೆಳಗಿನ ಅಂಕಣದಲ್ಲಿ ಅವರ ಕಂದು ಸ್ವೆಟರ್ ಇದೆ, ನೀವು ಹೆಣೆದದ್ದು, ಒಂದು ತೋಳು ಉದ್ದ. ಪಕ್ಕದ ಮನೆಯವರ ಜೊತೆ ಹರಟುತ್ತ ಹೆಣೆದು ಲೆಕ್ಕ ತಪ್ಪಿದ್ದಿರಲ್ಲ, ಅದೇ. ಊರಿನ ಅಳತೆಯೆಲ್ಲ ಬಾಯಲ್ಲಿರುವ ದರ್ಜಿಗೆ ಮಗನ ತೋಳೇ ತಪ್ಪಿತು ಎಂದು ಅವರು ಎಷ್ಟು ರೇಗಿಸುತ್ತಿದ್ದರು. ನೀವು "ಕೊಡೋ, ಬಿಚ್ಚಿ ಸರಿ ಮಾಡ್ತೀನಿ" ಎಂದು ಸೂಜಿ ಹಿಡಿದು ಬಂದಾಗಲೆಲ್ಲ ಅವರು ಮನೆಯೆಲ್ಲ ಓಡುತ್ತಿದ್ದರು. ಇಲ್ಲಿ ದಪ್ಪ ಕೋಟು ಕೊಟ್ಟಿದ್ದಾರೆ, ಚಳಿಗೆ ಅದು ಸಾಕು. ಸ್ವೆಟರ್ ಬೇಕಾಗಿರುವುದು ಚಳಿಗಲ್ಲ.

ಇನ್ನೊಂದು ವಿಷಯ. ವಸಂತ ಬರುವ ಮೊದಲು ಪೋಸ್ಟ್‌ಮಾಸ್ಟರ್ ಮೇಲಿನವರಿಗೆ ತಿಳಿಸಬೇಕಂತೆ, ನಾನು ಇನ್ನೆರಡು ವರ್ಷ ಇರುತ್ತೇನೋ, ವಾಪಸ್ ಹೋಗುತ್ತೇನೋ ಎಂದು. "ಏನಮ್ಮ ಬಿಸಿಲೂರಿನವಳೇ, ಏನ್ ಬರೀಲಿ?" ಎಂದು ಕೇಳುತ್ತಲೇ ಇದ್ದಾರೆ. "ನಮ್ಮತ್ತೆ ಬಾ ಅಂತ ಬರೆದ ದಿನ ಹೊರಡ್ತೀನಿ ಸರ್" ಎಂದಿದ್ದೇನೆ. ನನಗೆ ಬೇರೆ ಬಾಗಿಲಿಲ್ಲ, ನಿಮಗೆ ಗೊತ್ತು. ಸೋದರಮಾವ ಮದುವೆ ಮಾಡಿ ಕೈ ತೊಳೆದುಕೊಂಡವರು, ಆಮೇಲೆ ತಿರುಗಿಯೂ ನೋಡಲಿಲ್ಲ. ಮೂರು ಸಾಲು ಬೇಡ ಅತ್ತೆ, ಒಂದು ಮಾತು ಬರೆಯಿರಿ. ಬಾ ಎಂದರೆ ಸಾಕು, ಮೊದಲ ಲಾರಿಗೆ ಹತ್ತುತ್ತೇನೆ.

ದಾರಿ ನೋಡುತ್ತಿರುವ
ನಿಮ್ಮ ಸೊಸೆ

~

ಮಾರ್ಚ್ ೩

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ಪಾರ್ಸಲ್ ಬಂದು ತಲುಪಿತು ಎಂದು ಆವತ್ತೇ ಬರೆಯಬೇಕಿತ್ತು, ತಡವಾಯಿತು. ಈ ಸಲ ತಪ್ಪನ್ನು ಶಾಯಿಯ ಮೇಲೆ ಹಾಕುವುದಿಲ್ಲ. ಪೆನ್ನು ಬಿಸಿಯಾಗಿಯೇ ಇತ್ತು.

ಒಂದಲ್ಲ, ಮೂರು ಪೆಟ್ಟಿಗೆ! ಲಾರಿಯವನು ಏದುಸಿರು ಬಿಡುತ್ತ ಇಳಿಸಿದ. "ಇಡೀ ಮನೇನೇ ಕಳ್ಸಿದ್ದಾರಲ್ಲಮ್ಮ" ಎಂದ. ಮೂರಕ್ಕೂ ಬಟ್ಟೆ ಸುತ್ತಿ ಹೊಲಿದಿತ್ತು. ಹೆಸರು ಓದುವ ಮೊದಲೇ ಹೊಲಿಗೆ ನೋಡಿ ನನಗೆ ಗೊತ್ತಾಯಿತು, ಅಷ್ಟು ಒತ್ತೊತ್ತಾಗಿ ಇನ್ಯಾರು ಹಾಕುತ್ತಾರೆ? ನಿಯಮದ ಪ್ರಕಾರ ಒಲೆಯ ಪಕ್ಕ ಇಟ್ಟೆವು. ನಾನು ಮೊಣಕಾಲು ಅಪ್ಪಿಕೊಂಡು ಅವುಗಳ ಮುಂದೆ ಕೂತೆ. ಪೋಸ್ಟ್‌ಮಾಸ್ಟರ್ ನನ್ನ ಮುಖ ನೋಡಿ ನಕ್ಕರು. "ನಿಮ್ಮತ್ತೆಗೆ ನಿನ್ನ ಕಂಡ್ರೆ ಪ್ರಾಣ ಕಣಮ್ಮ. ನನಗೆ ಮೂವತ್ತು ವರ್ಷದಲ್ಲಿ ಒಂದ್ ಕಾಲುಚೀಲಾನೂ ಯಾರೂ ಕಳಿಸ್ಲಿಲ್ಲ." ನಾನು ಜಂಬದಿಂದ ಹೇಳಿಯೇಬಿಟ್ಟೆ, "ಹೋಗ್ತೀನಿ ಅಂತ ಬರೀರಿ ಸರ್. ಒಳಗೆ ಪತ್ರ ಇರತ್ತೆ, ಬಾ ಅಂತ ಇರತ್ತೆ" ಎಂದು. ಆ ಮಧ್ಯಾಹ್ನ ನಾನು ಎಷ್ಟು ಖುಷಿಯಾಗಿದ್ದೆ ಎಂದು ನಿಮಗೆ ಹೇಳಲಾರೆ.

ಎಲ್ಲವೂ ಚೆನ್ನಾಗಿ ಬಂದಿದೆ, ಒಂದೂ ಮುರಿದಿಲ್ಲ. ನನ್ನ ಹತ್ತಿಯ ಬಟ್ಟೆಗಳೆಲ್ಲ ಇಸ್ತ್ರಿಯಾಗಿ ಬಂದಿವೆ. ಬೇಸಿಗೆಯದು, ತೀರ ತೆಳುವಾದದ್ದು ಕೂಡ. ನನ್ನ ಕೊಡೆ ಬಂದಿದೆ. ಬಚ್ಚಲುಮನೆಯ ಚಪ್ಪಲಿ ತೊಳೆದು ಕಾಗದ ಸುತ್ತಿ ಬಂದಿದೆ. ನಾನು ಟೀ ಕುಡಿಯುವ ಲೋಟ, ತಲೆ ಬಾಚುವ ಕನ್ನಡಿ, ಗೋಡೆಯ ಮೊಳೆಗೆ ತೂಗಿಹಾಕಿದ್ದ ನನ್ನ ಚೀಲ, ಅದರ ಜೊತೆ ಆ ಮೊಳೆ ಕೂಡ. ಬೀಸಣಿಗೆಯನ್ನು ಕೈಗೆತ್ತಿಕೊಂಡು ಪೋಸ್ಟ್‌ಮಾಸ್ಟರ್ ಕೇಳಿದರು, "ಇದ್ಯಾಕಮ್ಮ ಈ ಊರಿಗೆ?" "ನಮ್ಮತ್ತೆಗೆ ತಮಾಷೆ ಜಾಸ್ತಿ ಸರ್" ಎಂದೆ, ನಕ್ಕೆ ಕೂಡ. ಅವರು ನನ್ನ ಮುಖ ನೋಡಿ ಅದನ್ನು ಮೆಲ್ಲಗೆ ಕೆಳಗಿಟ್ಟು, ಒಲೆಗೆ ಎರಡು ಕಟ್ಟಿಗೆ ಹಾಕಿ, ಹೊತ್ತಿಗೆ ಮೊದಲೇ ಮನೆಗೆ ಹೋದರು.

ಪತ್ರ ಇರಲಿಲ್ಲ. ಒಂದೊಂದು ಮಡಿಕೆಯನ್ನೂ ಬಿಚ್ಚಿ ಕೊಡವಿದೆ. ಪತ್ರದ ಬದಲು ಬೇರೆಯೇ ಸಿಕ್ಕಿತು. ಹರಿದಿದ್ದ ಜೇಬು ಹೊಲಿದಿತ್ತು, ಸಡಿಲವಾಗಿದ್ದ ಗುಂಡಿಗಳನ್ನು ಅದೇ ಬಣ್ಣದ ದಾರ ಹುಡುಕಿ ಬಿಗಿ ಮಾಡಿದ್ದಿರಿ. ಸಿಟ್ಟಿನಲ್ಲಿ ಗಂಟು ಕಟ್ಟಿ ಎಸೆದಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಇಷ್ಟು ಅಕ್ಕರೆಯಿಂದ ಕಳಿಸಿದವರ ಮೇಲೆ ಸಿಟ್ಟು ಹೇಗೆ ಮಾಡಲಿ?

ನನಗೆ ಅರ್ಥವಾಗದೆ ಇಲ್ಲ. ಅವರು ಹೋದ ಮೇಲೆ, ಬೆಳಿಗ್ಗೆ ನಾನು ಟೀ ತಂದುಕೊಟ್ಟಾಗಲೆಲ್ಲ ನೀವು ಲೋಟ ತೆಗೆದುಕೊಂಡು ನನ್ನ ಭುಜದ ಹಿಂದೆ ನೋಡುತ್ತಿದ್ದಿರಿ. ಆರು ವರ್ಷ ನನ್ನ ಹಿಂದೆಯೇ ಆಕಳಿಸುತ್ತ ಬರುತ್ತಿದ್ದವರು ಅವರು. ನಾನು ಕಂಡಾಗಲೆಲ್ಲ ಅವರು ಬರಬೇಕು, ಬರುತ್ತಿರಲಿಲ್ಲ. ನಾನಿಲ್ಲದಿದ್ದರೆ ನಿಮಗೆ ದಿನಾ ಅಷ್ಟು ನೋವು ಕಡಿಮೆ. ಬಾಯಿಬಿಟ್ಟು ಹೇಳಿದ್ದರೆ ನಾನೇ ಗಂಟು ಕಟ್ಟುತ್ತಿದ್ದೆ, ನಿಮಗೆ ಆ ಶ್ರಮವಾದರೂ ತಪ್ಪುತ್ತಿತ್ತು.

ಮರುದಿನ ಪೋಸ್ಟ್‌ಮಾಸ್ಟರಿಗೆ ಹೇಳಿದೆ, "ಇರ್ತಾಳೆ ಅಂತ ಬರೀರಿ ಸರ್." "ನಿನ್ನೆ ಹೋಗ್ತೀನಿ ಅಂದ್ಯಲ್ಲಮ್ಮ?" "ಸಾಮಾನೆಲ್ಲ ಬಂದ್ಬಿಡ್ತಲ್ಲ, ಮತ್ತೆ ಯಾರು ಹೊರ್ತಾರೆ?" ಎಂದೆ. ಅವರು ಬರೆದರು. ಇನ್ನೆರಡು ವರ್ಷ. ಮುಂದಿನದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಏಳುತ್ತೇನೆ, ಒಲೆ ಹೊತ್ತಿಸುತ್ತೇನೆ, ಮುದ್ರೆ ಒತ್ತುತ್ತೇನೆ. ಮೊಳೆ ಹೊಡೆದು ಚೀಲ ತೂಗಿಹಾಕಿದ್ದೇನೆ.

ನೀವು ನೂರು ಕಾಲ ಚೆನ್ನಾಗಿರಿ. ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಇಲ್ಲಿಂದಲೇ ನಿಮ್ಮ ಕಾಲಿಗೆ ನಮಸ್ಕಾರ, ನೋವಿರುವ ಎಡಗಾಲಿಗೆ ಇನ್ನೊಂದು ಹೆಚ್ಚು.

ನಿಮ್ಮ ಸೊಸೆ

ಮರೆತ ಮಾತು ಎಂದು ಕೊನೆಯಲ್ಲಿ ಬರೆಯುತ್ತಾರೆ. ಇದು ಮರೆತದ್ದಲ್ಲ. ಮೂರು ಪೆಟ್ಟಿಗೆಯನ್ನೂ ಬುಡಮೇಲು ಮಾಡಿ ನೋಡಿದೆ ಅತ್ತೆ. ನಾನು ಕೇಳಿದ್ದೊಂದನ್ನು ಬಿಟ್ಟು ಎಲ್ಲ ಬಂದಿದೆ. ಮೊಳೆಯನ್ನೂ ಮರೆಯದವರು ಸ್ವೆಟರ್ ಮರೆಯುವುದಿಲ್ಲ. ಇಟ್ಟುಕೊಳ್ಳಿ. ಹೆಣೆದವರು ನೀವು, ಹೆತ್ತವರೂ ನೀವು. ಆದರೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ನಾಚಿಕೆಯಿಂದ ಯಾವತ್ತೂ ಹೇಳಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಇಬ್ಬರೂ ಬಸ್ಸಿಗೆ ನಡೆಯುವಾಗ ನಿಮ್ಮ ಮಗ ಆ ಉದ್ದದ ತೋಳನ್ನು ಬೆರಳು ಮುಚ್ಚುವಂತೆ ಕೆಳಗೆಳೆದು, "ಬಾ, ನಿಂದೂ ಹಾಕು" ಎನ್ನುತ್ತಿದ್ದರು. ಬಸ್ ನಿಲ್ದಾಣದವರೆಗೂ ನನ್ನ ಕೈ ಅದರೊಳಗೆ ಅವರ ಕೈಯಲ್ಲಿರುತ್ತಿತ್ತು. ನೀವು ಸೂಜಿ ಹಿಡಿದು ಬಂದಾಗಲೆಲ್ಲ ಅವರು ಓಡುತ್ತಿದ್ದುದು ಅದಕ್ಕೆ. ಸ್ವೆಟರ್ ಕಳಿಸಬೇಡಿ, ನನ್ನನ್ನು ಕರೆಯಲೂ ಬೇಡಿ. ಆ ತೋಳನ್ನು ಮಾತ್ರ ಬಿಚ್ಚಿ ಸರಿ ಮಾಡಬೇಡಿ. ಆ ಮನೆಯಲ್ಲಿ ನನ್ನದು ಅಂತ ಉಳಿದಿರುವುದು ಅಷ್ಟೇ.