ಮಂಗಳೂರಿಗೆ ಕಳಿಸಿದ ಹುಡುಗ

ಜೂನ್ ೯, ಸೋಮವಾರ

ಇವತ್ತೂ ಭಿನ್ನರಾಶಿ. ಇವತ್ತೂ ಒಬ್ಬನ ತಲೆಗೂ ಹತ್ತಲಿಲ್ಲ. ಎರಡನೇ ಒಂದು ದೊಡ್ಡದೋ ಮೂರನೇ ಒಂದು ದೊಡ್ಡದೋ ಎಂದು ಕೇಳಿದರೆ ಇಡೀ ಬೆಂಚು ಒಟ್ಟಿಗೆ ಕೂಗುತ್ತದೆ— "ಮೂರು ದೊಡ್ಡದ್ರಿ ಸರ!" ಹೈಸ್ಕೂಲಿನಲ್ಲಿ ಜೀವ ತೇಯ್ದು ರಿಟೈರ್ ಆದದ್ದು ಇದನ್ನೇ ಮತ್ತೆ ಕೇಳುವುದಕ್ಕೆ.

ಬಂದದ್ದು ಸೇವೆಗಲ್ಲ. ಸೇವೆ ಎಂಬ ಶಬ್ದ ಕೇಳಿದರೆ ಮೈ ಉರಿಯುತ್ತದೆ. ಜಯವ್ವ ಅಟ್ಟಿದಳು. "ಮನ್ಯಾಗ ಕುಂತು ಪಲ್ಯಾಕ್ಕ ಉಪ್ಪು ಹೆಚ್ಚಾತು, ಕಡಿಮಿ ಆತು ಅನ್ನೂದ ನಿಮ್ಮ ನೌಕರಿ ಆಗೇತಿ. ಎಲ್ಲ್ಯಾರ ಹೋಗ್ರಿ, ಯಾರಿಗ್ಯಾರ ಕಲಸ್ರಿ." ಹೆಂಡತಿಯ ಕಾಟಕ್ಕೆ ಈ ಹಾಲೇಶಪ್ಪ ಮಾಸ್ತರು ದಿನಾ ಮಧ್ಯಾಹ್ನ ರಾಣೆಬೆನ್ನೂರಿನಿಂದ ಸ್ಕೂಟರ್ ಹತ್ತಿ, ಕ್ರಿಶ್ಚಿಯನ್ನರು ನಡೆಸುವ, ಹೆತ್ತವರು ಬಿಟ್ಟುಹೋದ ಹುಡುಗರ ಮನೆಗೆ ಬರುತ್ತಾರೆ. ಬಂದು ಮೂರು ದೊಡ್ಡದು ಎಂದು ಕೇಳಿಸಿಕೊಳ್ಳುತ್ತಾರೆ.

ಗೇಟಿನ ಮೇಲೆ ಬೋರ್ಡು: "ಕಾನನದ ಮಡಿಲಲ್ಲಿ ಕರ್ತನ ಮಕ್ಕಳು". ಕಾನನವಂತೆ! ಕೃಷ್ಣಮೃಗದ ಕಾಡಿನ ಅಂಚು. ನೀಲಗಿರಿ ಗಿಡ, ಜಾಲಿಮುಳ್ಳು. ನೆರಳು ಬೇಕಾದವರು ಕೊಡೆ ತರಬೇಕು. ದಾನಿಗಳಿಗೆ ಕೊಡುವ ಪಾಂಪ್ಲೆಟ್ಟಿನಲ್ಲಂತೂ ಇದು "ರೇನ್‌ಫಾರೆಸ್ಟ್". ಚಿತ್ರದಲ್ಲಿ ಜಲಪಾತ ಬೇರೆ. ಇದನ್ನು ನಡೆಸುವ ಪಾಸ್ಟರ್ ದಾನಿಯೇಲಪ್ಪನನ್ನು ಕೇಳಿದೆ. "ಅದು ಬೆಂಗಳೂರಾಗ ಪ್ರಿಂಟ್ ಮಾಡಿದವ್ರ ತಪ್ಪ್ರಿ ಸರ. ಅವ್ರಿಗೆ ಗಿಡ ಅಂದ್ರ ಎಲ್ಲಾ ಒಂದ" ಎಂದು ನಕ್ಕ. ನಗುವುದಕ್ಕೆ ಕಾರಣವೇ ಬೇಡ ಈ ಮನುಷ್ಯನಿಗೆ.

ಜೂನ್ ೧೫, ಭಾನುವಾರ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರೇಶ ಬಂದಿದ್ದ. ಹೆಂಡತಿ, ಮಗಳು, ಎರಡು ಕಾರು, ಒಬ್ಬ ಫೋಟೋಗ್ರಾಫರ್. ಮಗಳ ಬರ್ತ್‌ಡೇ. ಅನಾಥರ ಜೊತೆ ಆಚರಿಸಿದರೆ ಪುಣ್ಯ, ಫೇಸ್‌ಬುಕ್ಕಿಗೆ ಹಾಕಿದರೆ ಇನ್ನಷ್ಟು ಪುಣ್ಯ. ಹುಡುಗರನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ಇಂಗ್ಲಿಷ್ ಹಾಡು ಹಾಡಿಸಿದರು. ನನ್ನನ್ನೂ ಎಳೆದು ನಿಲ್ಲಿಸಿದರು, "ಸರ್ ನೀವೂ ಬರ್ರಿ, ಸರ್."

ಆಮೇಲೆ ಕೇಕು ಬಾಯಿಗಿಡುವ ಕಾರ್ಯಕ್ರಮ. ಬಾಯಿ ತೆಗೆಯಬೇಕು, ಫೋಟೋ ಆಗುವವರೆಗೆ ಮುಚ್ಚಬಾರದು. ಎಲ್ಲರೂ ಹಕ್ಕಿಮರಿಗಳ ಹಾಗೆ ತೆಗೆದರು, ಕಲ್ಲೇಶನೊಬ್ಬನನ್ನು ಬಿಟ್ಟು. ಆರನೇ ಕ್ಲಾಸು. ನಾಲ್ಕು ವರ್ಷದ ಕೂಸಿದ್ದಾಗ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದದ್ದಂತೆ.

"ತಿನ್ನಪಾ, ನಾಚ್ಕೋಬ್ಯಾಡ" ಎಂದಳು ಕೊಟ್ರೇಶನ ಹೆಂಡತಿ.

"ನಾ ಆಮ್ಯಾಲ ಕೈಲೆ ತಿಂತೇನ್ರಿ."

ಬಾಯಿ ಬಿಗಿದು, ನೇರ ಕ್ಯಾಮರಾ ನೋಡುತ್ತ ನಿಂತ. ಕೊಟ್ರೇಶನ ಮುಖ ಕೆಂಪಾಯಿತು. ಸೊಕ್ಕು, ಹುಡುಗನಿಗೆ. ಆದರೆ ಇಡೀ ಸಭೆಯಲ್ಲಿ ಮಾನ ಇದ್ದವನು ಅವನೊಬ್ಬನೇ.

ಜೂನ್ ೧೭

ಜಯವ್ವನ ವಾಟ್ಸಾಪ್ ಗ್ರೂಪಿಗೂ ಬಂತು ಫೋಟೋ. ಯಾರಿಂದ ಯಾರಿಗೋ, ಸುತ್ತಿ ಸುತ್ತಿ. "ಏನ್ರಿ ಇದು, ಯಾರ್ದೋ ಮಣ್ಣಿಗೆ ಬಂದವ್ರಂಗ ನಿಂತೀರಲ್ಲ!" ಎಂದು ಅರ್ಧ ಗಂಟೆ ನಕ್ಕಳು. ಈ ಮೊಬೈಲ್ ಕಂಡುಹಿಡಿದವನಿಗೆ ನನ್ನ ಕ್ಲಾಸಿನಲ್ಲಿ ಕೂರುವ ಶಿಕ್ಷೆ ಆಗಬೇಕು.

ಜೂನ್ ೨೪, ಮಂಗಳವಾರ

ದಾನಿಯೇಲಪ್ಪ ಹಾವೇರಿಗೆ ಮೀಟಿಂಗಿಗೆ ಹೋಗಿದ್ದ. ಹುಡುಗರಿನ್ನೂ ಸ್ಕೂಲಿನಲ್ಲಿ. ನಾನು, ಅಡುಗೆಯ ರಹಿಮತಬಿ— ಇಬ್ಬರೇ. ಗೇಟಿನಾಚೆ ಒಬ್ಬ ಹೆಂಗಸು. ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ. ಕರೆದೆ. ಬಂದು ಮೊಬೈಲ್ ಮುಂದೆ ಹಿಡಿದಳು. ಅದೇ ಕೇಕಿನ ಫೋಟೋ. ಬೆರಳು ಕಲ್ಲೇಶನ ಮೇಲೆ.

"ಈ ಹುಡುಗ ಇಲ್ಲೇ ಅದಾನೇನ್ರಿ?"

"ನೀವ್ಯಾರು?"

ಮೊಬೈಲಿನ ಗಾಜು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಕೊನೆಗೆ— "ಹಡದಾಕಿ ರಿ."

ಹೆಸರು ಹೊನ್ನವ್ವ. ಕರ್ಜಗಿ. ಮೊದಲ ಗಂಡ ಸತ್ತ. ಅಣ್ಣ ಎರಡನೇ ಸಂಬಂಧ ನೋಡಿದ, ಮಗ ಇದ್ದದ್ದನ್ನು ಮುಚ್ಚಿಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಾ, ಯಾರಾದರೂ ಒಯ್ಯುತ್ತಾರೆ ಎಂದನಂತೆ. ಬಿಟ್ಟು ಬಂದಳಂತೆ. ಈಗ ಕರ್ಜಗಿಯಲ್ಲೇ ಗಂಡನ ಕಿರಾಣಿ ಅಂಗಡಿ, ಎರಡು ಹೆಣ್ಣುಮಕ್ಕಳು. ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ತವರಿಗೆ ಹೋಗಿ ಬರುತ್ತೇನೆಂದು ಹೇಳಿ ಇಲ್ಲಿಗೆ ಬಂದಿದ್ದಾಳೆ.

"ಕರ್ಕೊಂಡು ಹೋಗಾಕ ಬಂದಿಲ್ರಿ. ಒಂದ್ಸಲ ನೋಡ್ತೇನಿ. ದೂರಿಂದ ನೋಡ್ತೇನಿ. ಬೇಕಾದ್ರ ಅವ್ಗ ಹೇಳಬ್ಯಾಡ್ರಿ."

ದೂರದಿಂದ ನೋಡುತ್ತಾಳಂತೆ. ಇದೇನು ಝೂ? ನೋಡಿ, ಅತ್ತು, ಮನಸ್ಸು ಹಗುರ ಮಾಡಿಕೊಂಡು, ಸಂಜೆ ಬಸ್ಸಿಗೆ ಮನೆ ಸೇರಿ ರೊಟ್ಟಿ ಬಡಿಯುತ್ತಾಳೆ. ಕೊಟ್ರೇಶನೂ ಹಗುರಾಗುವುದಕ್ಕೇ ಬಂದಿದ್ದ. ಅವನು ಕೇಕಾದರೂ ತಂದಿದ್ದ. ಹೇಸಿಗೆಯಾಯಿತು.

"ಅವ ಇಲ್ಲಿಲ್ಲ" ಎಂದೆ. "ಮಂಗಳೂರಿಗೆ ಕಳಿಸೇವಿ. ದೊಡ್ಡ ಹಾಸ್ಟೆಲ್. ಇನ್ನ ಈ ಕಡೆ ಬರಂಗಿಲ್ಲ."

"ಮಂಗಳೂರು ಎಲ್ಲಿ ಬರ್ತೈತ್ರಿ?"

"ಸಮುದ್ರದ ಕಡೆ."

ತಲೆಯಾಡಿಸಿದಳು. ಸೆರಗು ಸರಿಮಾಡಿಕೊಂಡಳು. ಗೇಟಿನ ತನಕ ಹೋಗಿ ತಿರುಗಿದಳು. "ಅಲ್ಲೆ ಮೀನಾ ಉಣಸ್ತಾರೇನ್ರಿ? ಅವ್ಗ ಆ ವಾಸನಿ ಆಗಿಬರಂಗಿಲ್ಲ."

ಗೇಟು ಮುಚ್ಚಿದೆ. ಏಳು ವರ್ಷದ ಮೇಲೆ ವಾಸನೆಯ ಚಿಂತೆ!

ಜೂನ್ ೨೫

ಚೆನ್ನಾಗಿ ನಿದ್ದೆ ಬಂತು. ಸರಿಯಾದದ್ದನ್ನೇ ಮಾಡಿದೆ. ಹುಡುಗ ಒಂದು ಸಲ ಬಿದ್ದು ಎದ್ದಿದ್ದಾನೆ, ಇವಳ ಸಮಾಧಾನಕ್ಕೆ ಮತ್ತೆ ಬೀಳಬೇಕೆ?

ರಹಿಮತಬಿ ಎಲ್ಲ ಕೇಳಿಸಿಕೊಂಡಿದ್ದಳು. "ಸುಳ್ಳ ಯಾಕ ಹೇಳಿದ್ರಿ ಸರ?"

"ಅಂಥಾಕಿಗೆ ಮತ್ತೇನ ಹೇಳಬೇಕಿತ್ತು?"

"ಬೈಬೇಕಿತ್ರಿ. ನಾಕ ಮಂದಿ ಮುಂದ ಉಗೀಬೇಕಿತ್ತು. ಇದ್ದ ಕೂಸನ್ನ ಇಲ್ಲ ಅನಬಾರ್ದಿತ್ತು."

ನಿನ್ನ ಒಲೆ ನೋಡಿಕೋ ಎಂದೆ. ಸಂಜೆ ನನ್ನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ, ಬೇಕಂತಲೇ.

ಜುಲೈ ೨, ಬುಧವಾರ

ವಾರದಿಂದ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಇವತ್ತು ಇದೆ.

ಕ್ಲಾಸು ಬಿಟ್ಟ ಮೇಲೆ ಕಲ್ಲೇಶ ಸ್ಕೂಟರ್ ಹತ್ತಿರ ಬಂದ. "ಸರ, ಆ ಕೇಕಿನ ಫೋಟೋ ಎಲ್ಲಿ ಮಟ ಹೋಗಿರ್ತೈತ್ರಿ? ಹಾವೇರಿ ಮಟ ಹೋಗಿರ್ತೈತೇನ್ರಿ?"

"ಯಾಕೋ?"

"ಸುಮ್ನ."

"ಸುಮ್ನ ಅಂದ್ರ?"

ಕಾಲಿನಿಂದ ಮಣ್ಣು ಕೆದರಿದ. "ಬಾಯಾಗ ಕೇಕ್ ಇದ್ರ ಮಾರಿ ಗುರ್ತ ಸಿಗಂಗಿಲ್ರಿ. ಅದಕ್ಕ ಬಾಯಿ ತಗೀಲಿಲ್ಲ. ಯಾರ್ಯಾರ ನೋಡಿ ಗುರ್ತಾ ಹಿಡೀತಾರೇನೋ ಅಂತ."

ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಕಿಕ್ ಹೊಡೆಯುತ್ತಲೇ ಇದ್ದೆ. ಕೀಲಿ ಹಾಕಿಯೇ ಇರಲಿಲ್ಲ.

ಸೊಕ್ಕು ಎಂದು ಬರೆದಿದ್ದೆ. ಮಾನ ಎಂದು ಬರೆದಿದ್ದೆ. ಎಂಥ ಜಾಣ ನಾನು! ಹುಡುಗ ತನ್ನ ಮುಖವನ್ನು ಊರೂರಿಗೆ ಕಳಿಸಿದ್ದ. ಅದು ಹೋಗಿ ಮುಟ್ಟಿತ್ತು. ಅವಳನ್ನು ಗೇಟಿನ ತನಕ ಕರೆತಂದಿತ್ತು.

ಒಳಗೆ ಹೋಗಿ ದಾನಿಯೇಲಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. "ಹಾವೇರಿ ಮಕ್ಕಳ ಕಲ್ಯಾಣ ಕಮಿಟಿಯವ್ರಿಗೆ ನಾ ತಿಳಸ್ತೇನ್ರಿ. ಆಕಿಗೆ ಮಾತ್ರ ನೀವ ಹೋಗಿ ಹೇಳ್ಬೇಕು. ನಾ ಹೋದ್ರ ಚರ್ಚಿನಾಂವ ಯಾಕ ಬಂದ ಅಂತ ಓಣಿ ಕೂಡತೈತಿ. ಆಕಿ ಬಾಳೇ ಹಾಳಾದೀತು."

ಕ್ಷಮಿಸುವವರ ಧಾಟಿ. ಸಹಿಸುವುದು ಕಷ್ಟ.

ಜುಲೈ ೪, ಶುಕ್ರವಾರ

ಹಾವೇರಿಯಲ್ಲಿ ಬಸ್ಸು ಬದಲಿಸಿ ಕರ್ಜಗಿ. ಅವಳ ಗಂಡ ಸೋಮಣ್ಣನದು ಕಿರಾಣಿ ಅಂಗಡಿ, ಹಿಂದೆ ಮನೆ. ದಾರಿಯುದ್ದಕ್ಕೂ ಒಬ್ಬ ಗಂಡನನ್ನು ಕಲ್ಪಿಸಿಕೊಂಡು ಹೋಗಿದ್ದೆ— ಗಿರಿಜಾ ಮೀಸೆ, ಕೆಂಪು ಕಣ್ಣು. ಇದ್ದವನು ಅಂಗಡಿ ಕಟ್ಟೆಯ ಮೇಲೆ ಕೂತು ಮಗಳಿಗೆ ಜಡೆ ಹೆಣೆಯುತ್ತಿದ್ದ ಸಣಕಲು ಮನುಷ್ಯ. ಚೆನ್ನಾಗಿಯೂ ಹೆಣೆಯುತ್ತಿದ್ದ.

"ಹೊನ್ನವ್ವಗ ಸಾಲ್ಯಾಗ ಕಲಿಸಿದ ಮಾಸ್ತರು" ಎಂದೆ. ಒಂದು ಸುಳ್ಳು ತಿದ್ದುವುದಕ್ಕೆ ಇನ್ನೊಂದು.

"ಏ, ನಿಮ್ಮ ಸರ ಬಂದಾರ ನೋಡ ಬಾ! ಬರ್ರಿ ಸರ, ಕುಂದ್ರಿ, ಚಾ ಕುಡೀರಿ."

ಬಂದಳು. ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡನಿಗೆ ಹೇಳಲು ಬಂದಿದ್ದೇನೆ ಎಂದೇ ತಿಳಿದಿರಬೇಕು.

"ಹೊನ್ನವ್ವ" ಎಂದೆ. "ಅವತ್ತ ನಾ ಒಂದ ಮಾತು ತಪ್ಪ ಹೇಳಿದ್ದೆ. ಮಂಗಳೂರಿಗೆ ಹೋಗ್ಯಾನ ಅಂದಿದ್ನೆಲ್ಲ ಆ ಹುಡುಗ, ಹೋಗಿಲ್ಲ. ಇಲ್ಲೇ ಅದಾನ. ಭಾನುವಾರ ದಿನಪೂರ್ತಿ ಇರ್ತಾನ."

"ಯಾವ ಹುಡುಗ್ರಿ ಸರ?" ಸೋಮಣ್ಣ ಕೇಳಿದ.

"ನನ್ನ ಒಬ್ಬ ವಿದ್ಯಾರ್ಥಿ."

ಅವಳು ಚೌಕಟ್ಟು ಬಿಟ್ಟು ಹೊಸ್ತಿಲ ಮೇಲೆ ಕೂತಳು. "ಆರಾಮ ಅದಾನೇನ್ರಿ ಸರ?"

"ಅದಾನ. ಭಿನ್ನರಾಶಿ ಅಷ್ಟ ಬರಂಗಿಲ್ಲ."

ಸೋಮಣ್ಣ ಜೋರಾಗಿ ನಕ್ಕ. ಹೊರಡುವಾಗ ಬೇಡವೆಂದರೂ ಬಿಸ್ಕೀಟಿನ ಪಾಕೀಟು ಕೈಗಿಟ್ಟ. ಇಂಥವನಿಗೆ ಹೇಳಲು ಹೆದರಿ ಇಷ್ಟು ವರ್ಷ ಕಳೆದಳೇ? ದಡ್ಡಿ. ಅಥವಾ ಇಂಥವನು ಸಿಕ್ಕಿದ್ದಕ್ಕೇ ಹೆದರಿದಳೋ... ನನಗೇನು ಗೊತ್ತು. ನನಗೆ ಗೊತ್ತಿದೆ ಎಂದುಕೊಂಡದ್ದೇ ಇಷ್ಟಕ್ಕೆಲ್ಲ ಮೂಲ.

ಜುಲೈ ೬, ಭಾನುವಾರ

ಬರಲಿಲ್ಲ.

ಕಲ್ಲೇಶನಿಗೆ ದಾನಿಯೇಲಪ್ಪ ಮೊದಲೇ ತಿಳಿಸಿದ್ದ. "ಬಂದ್ರ ಬರ್ಲಿ" ಎಂದನಂತೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ, ಗೇಟಿಗೆ ಬೆನ್ನು ಮಾಡಿ ಲೆಕ್ಕ ಬಿಡಿಸುತ್ತ ಕೂತಿದ್ದ. ಎಲ್ಲ ತಪ್ಪು. ತಿದ್ದಲಿಲ್ಲ.

ಜುಲೈ ೧೩, ಭಾನುವಾರ

ಬಂದಳು. ಬೈಕಿನ ಹಿಂದೆ. ಮುಂದೆ ಸೋಮಣ್ಣ.

ನನ್ನನ್ನು ಬದಿಗೆ ಕರೆದ. "ಎಲ್ಲಾ ಹೇಳಿದ್ಲ್ರಿ. ನೀವು ಹೋದ ದಿನಾನ. ವಾರ ಪೂರ್ತಿ ನಾ ಆಕಿ ಕೂಡ ಮಾತಾಡಿಲ್ಲ. ಆಮ್ಯಾಲ ಅನಸ್ತು— ಅದರಾಗ ಹುಡುಗಂದೇನ ತಪ್ಪೈತ್ರಿ?" ಇಷ್ಟೇ. ಭಾಷಣವಿಲ್ಲ. ಇವನ ಮುಂದೆ ನಾನು ನಲವತ್ತು ವರ್ಷ ಕೊಟ್ಟ ನೀತಿಬೋಧೆ ಎಲ್ಲ ಚಿಲ್ಲರೆ ಅನಿಸಿತು.

ದಾನಿಯೇಲಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಕಲ್ಲೇಶ ಬಂದು ಅವಳೆದುರು ನಿಂತ. ಕೈ ಚಾಚಿದಳು. ಹಿಂದೆ ಸರಿದ.

"ಕಟ್ಟಿ ಮ್ಯಾಲ ಕುಂದ್ರು ಅಂದಿ. ನಾ ಬರೂ ಮಟ ಎದ್ದ ಹೋಗಬ್ಯಾಡ ಅಂದಿ. ಕುಂತಿದ್ದೆ. ಒಂದಕ್ಕ ಬಂದ್ರೂ ಎದ್ದಿಲ್ಲ. ಪೊಲೀಸ ಬಂದು ಎಬ್ಬಸಿದ್ರೂ ಎದ್ದಿಲ್ಲ. ಎತ್ತಿ ಒಯ್ದ್ರು." ದನಿ ಏರಲಿಲ್ಲ. ಪಾಠ ಒಪ್ಪಿಸಿದ ಹಾಗೆ. "ಈಗ ನೀ ಕುಂದ್ರು. ನಾ ಬರೂ ಮಟ ಎದ್ದ ಹೋಗಬ್ಯಾಡ."

ನೀಲಗಿರಿ ಗಿಡಗಳ ಕಡೆ ನಡೆದುಬಿಟ್ಟ. ತಿರುಗಿ ನೋಡಲಿಲ್ಲ.

ಅವಳು ಅಂಗಳದ ಕಟ್ಟೆಯ ಮೇಲೆ ಕೂತಳು. ಊಟಕ್ಕೆ ಕರೆದರು, ಏಳಲಿಲ್ಲ. ಮಳೆ ಬಂತು. ರಹಿಮತಬಿ ಒಳಗೆ ಬರ್ರಿ ಎಂದು ಎಳೆದಳು, ಏಳಲಿಲ್ಲ. ಸೋಮಣ್ಣ ಬೈಕಿನ ರೇನ್‌ಕೋಟ್ ತಂದು ಹೊದಿಸಿ ತಾನೂ ಪಕ್ಕದಲ್ಲಿ ತೊಯ್ಯುತ್ತ ಕೂತ. ನಾಟಕ ಎಂದುಕೊಳ್ಳಲು ನೋಡಿದೆ. ಒಳಗೆ ಹೋಗಿ ಪೇಪರ್ ಹಿಡಿದೆ. ಒಂದಕ್ಷರ ಓದಲಿಲ್ಲ.

ಸಂಜೆಯಾಗುವಾಗ ಬಂದ, ಅವನೂ ತೊಯ್ದು ತೊಪ್ಪೆ. ದೂರವೇನೂ ಹೋಗಿರಲಿಲ್ಲ, ಗಿಡಗಳ ಸಂದಿಯಿಂದ ನೋಡುತ್ತಲೇ ಇದ್ದನಂತೆ. ಮುಂದೆ ನಿಂತು ಅವಳನ್ನು ದಿಟ್ಟಿಸಿದ.

"ಏಳು."

ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಅವನು ಕೈ ಕೊಡಲಿಲ್ಲ. ಹತ್ತಿರ ಸರಿದು ನಿಂತ, ಅವಳು ಅವನ ಹೆಗಲು ಹಿಡಿದು ಏಳುವಷ್ಟು ಹತ್ತಿರ.

ಜುಲೈ ೧೪, ಸೋಮವಾರ

ಇನ್ನು ಪ್ರತಿ ಭಾನುವಾರ ಬರುತ್ತಾರಂತೆ. ಮುಂದಿನ ಸಲ ಹೆಣ್ಣುಮಕ್ಕಳನ್ನೂ ಕರೆತರುತ್ತಾರಂತೆ. ಮನೆಗೆ ಕಳಿಸುವುದು ಬಿಡುವುದು ಕಮಿಟಿಯವರು ಹುಡುಗನನ್ನು ಕೇಳಿ ಹೇಳುತ್ತಾರೆ. ಅವನು ಮಾತ್ರ ಇನ್ನೂ ಹ್ಞೂಂ ಅಂದಿಲ್ಲ, ಊಹ್ಞೂಂ ಅಂದಿಲ್ಲ.

ಕ್ಲಾಸು ಬಿಟ್ಟಿತು. ಎಲ್ಲರೂ ಆಟಕ್ಕೆ ಓಡಿದರು. ಕಲ್ಲೇಶ ಉಳಿದ.

"ಸರ, ನಾ ಯಾವಾಗ ಮಂಗಳೂರಿಗೆ ಹೋಗಿದ್ನಿರಿ?"

ಬೋರ್ಡು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

"ಆಕಿ ಹೇಳಿದ್ಲು. ಹಂಗ್ಯಾಕ ಹೇಳಿದ್ರಿ?"

ಗದರಿಸಿ ಕಳಿಸಬಹುದಿತ್ತು. ಗದರಿಸುವುದು ಚೆನ್ನಾಗಿ ಬರುತ್ತದೆ ನನಗೆ. ಡಸ್ಟರ್ ಕೆಳಗಿಟ್ಟೆ. ಅವನ ಬೆಂಚಿನ ಮೇಲೇ ಕೂತೆ. ಅವನೂ ಕೂತ. ಕಾಯುತ್ತಿದ್ದ, ಅವಸರವಿಲ್ಲದೆ.

"ಕಲ್ಲೇಶ" ಎಂದೆ. "ಅವತ್ತ ಆಕಿನ್ನ ನೋಡಿದ ಕೂಡ್ಲೆ ನನಗ ಏನ ಅನಸ್ತಂದ್ರ—"