ಐವತ್ತು ಕಿಲೋಮೀಟರಿನ ಗೆರೆ

ರೆಗೆನ್ಸ್‌ಬುರ್ಗ್
ಸೋಮವಾರ, 12 ಸೆಪ್ಟೆಂಬರ್ 1927

ಪ್ರೀತಿಯ ಅಮ್ಮಾ,

ನಿನ್ನ ಆರೋಗ್ಯ ಹೇಗಿದೆ? ಎಲ್ಲ ಕಾಗದದಲ್ಲೂ ಕೇಳುವ ಮಾತೇ, ಆದರೆ ಈ ಸಲ ನಿಜವಾದ ಉತ್ತರ ಬೇಕು. ಎದ್ದು ಓಡಾಡುತ್ತಿದ್ದೀಯಾ? ಊಟ ಸೇರುತ್ತಿದೆಯಾ? ನೀನು ಹಾಸಿಗೆ ಹಿಡಿದು ಮೂರು ವಾರವಾಯಿತು, ಪಾದ್ರಿಗಳು ಎರಡು ಸಲ ಬಂದುಹೋದರು, ಮುಖ ನೋಡಬೇಕೆಂದಿದ್ದರೆ ತಕ್ಷಣ ಹೊರಟು ಬಾ ಎಂದು ಅಪ್ಪ ಬರೆದಿದ್ದರು.

ಆ ಕಾಗದ ಪ್ರಾಗಿನಲ್ಲಿ, ಊರೂರು ಅಲೆದು ಕೆಲಸ ಕಲಿಯುವ ನಮ್ಮಂಥ ಬಡಗಿಗಳ ತಂಗುಮನೆಯಲ್ಲಿ ನನ್ನ ಕೈಸೇರಿತು. ಬೆಳಿಗ್ಗೆಯಷ್ಟೇ ಕಲ್ಲಿನ ಸಂತರು ಸಾಲಾಗಿ ನಿಂತ ಸೇತುವೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು, ಸಾಲದೆಂದು ಮತ್ತೆ ನಡೆದು ಬಂದಿದ್ದೆ. ಓದಿದ ಕೂಡಲೇ ಹೊರಟು ನಿಂತೆ. ಜೊತೆಗಾರ ಲೋರೆಂಟ್ಸ್ ನನ್ನ ಗಂಟು ತಾನೇ ಕಟ್ಟಿಕೊಟ್ಟ. "ತಾಯಿ ವಿಷಯಕ್ಕೆ ನಿಯಮ ಅಡ್ಡ ಬರಲ್ಲ ಕಣೋ, ಹೋಗು. ಆದ್ರೆ ಊರಿನ ಐವತ್ತು ಕಿಲೋಮೀಟರ್ ಗೆರೆ ದಾಟೋ ಮೊದ್ಲು ಯಾರನ್ನಾದ್ರೂ ವಿಚಾರಿಸ್ಕೋ. ನಮ್ಮಪ್ಪ ನನ್ನನ್ನ ಕರೆಸೋಕೆ ನಮ್ಮಜ್ಜೀನ ಮೂರು ಸಲ ಸಾಯಿಸಿದ್ದ" ಎಂದ. ನನಗೆ ನಗು ಬರಲಿಲ್ಲ. ಏಳು ದಿನ ನಡೆದೆ ಅಮ್ಮಾ. ದಾರಿಯ ಪ್ರತಿ ಗುಡಿಯಲ್ಲೂ ನಿನಗೊಂದು ಮೇಣದಬತ್ತಿ ಹಚ್ಚಿದೆ.

ನಿನ್ನೆ ಇಲ್ಲಿಯ ಕಲ್ಲುಸೇತುವೆಯ ಮೇಲೆ ನಮ್ಮೂರಿನ, ಬಿಯರಿಗೆ ಹಾಕುವ ಹಾಪ್ ಹೂವಿನ ವ್ಯಾಪಾರಿ ವೆಂಡೆಲಿನ್ ಮಾವ ಗಾಡಿಯ ಸಮೇತ ಸಿಕ್ಕರು. ಹಾಸಿಗೆ ಹಿಡಿದ ನೀನು ಹೇಗಿದ್ದೀಯ ಎಂದು ಕೇಳಿದೆ. "ನಿಮ್ಮಮ್ಮನಾ, ಹಾಸಿಗೇಲಾ? ಮೊನ್ನೆ ಸಂತೇಲಿ ಬಾತುಕೋಳಿ ಮಾರೋಳ ಹತ್ರ ಅರ್ಧ ಗಂಟೆ ಜಗಳ ಆಡಿದ್ಲು. ಹಾಸಿಗೆ ಹಿಡಿದಿದ್ರೆ ಆ ಮಾರೋಳು ಹಿಡಿದಿರ್ಬೇಕು. ನಿಮ್ಮಪ್ಪನಿಗೆ ಗಿರಣಿಗೆ ಮರದ ಮಾಡು ಕಟ್ಟೋ ಕೆಲಸ ಬಂದಿದೆ ತಮ್ಮಾ, ಹಿಮ ಬೀಳೋದ್ರೊಳಗೆ ಮುಗೀಬೇಕು, ಕೈ ಸಾಲ್ದು" ಎಂದರು. ಮೊದಲು ಅತ್ತೆ. ಆಮೇಲೆ ಸೇತುವೆ ಬುಡದ ಅಂಗಡಿಯಲ್ಲಿ ಸಾಸೇಜು, ಹುಳಿ ಎಲೆಕೋಸು ಎರಡು ತಟ್ಟೆ ತಿಂದೆ. ಸಿಟ್ಟು ಬಂದದ್ದು ತಟ್ಟೆ ಖಾಲಿಯಾದ ಮೇಲೆ.

ಪಯಣಕ್ಕೆ ಹೊರಟ ಬಡಗಿ ಮೂರು ವರ್ಷ ಒಂದು ದಿನ ತನ್ನ ಊರಿನ ಐವತ್ತು ಕಿಲೋಮೀಟರ್ ಒಳಗೆ ಕಾಲಿಡಕೂಡದು, ಹೆತ್ತವರ ಸಾವು ಅಥವಾ ಸಾವಿನಂಥ ಕಾಯಿಲೆಗೆ ಮಾತ್ರ ವಿನಾಯಿತಿ. ಅಪ್ಪನಿಗೆ ಇದು ಚೆನ್ನಾಗಿ ಗೊತ್ತು. ಬಡಗಿಯಲ್ಲದವನಿಗೆ ಈ ಸುಳ್ಳು ಹೊಳೆಯುತ್ತಲೇ ಇರಲಿಲ್ಲ. ನಿಜವಾದ ಕಾರಣವಿಲ್ಲದೆ ಗೆರೆ ದಾಟಿದರೆ ಸಂಘದವರು ಪಯಣದ ಬಡಗಿಯ ಗುರುತಾದ ಕಿವಿಯ ಒಂಟಿ ಕಿತ್ತುಕೊಳ್ಳುತ್ತಾರೆ, ಆಮೇಲೆ ಯಾವ ತಂಗುಮನೆಯ ಬಾಗಿಲೂ ತೆರೆಯುವುದಿಲ್ಲ. ಅಪ್ಪನಿಗೆ ಅದೂ ಗೊತ್ತು. ಕೆಲಸ ಕಲಿಯಲು ಹೋದೆಯೋ ಗೋಪುರ ನೋಡಲು ಹೋದೆಯೋ ಎಂದು ಅದೇ ಕಾಗದದಲ್ಲಿ ಚುಚ್ಚಿದ್ದಾರೆ.

ನೋಡಲೂ ಹೋದೆ ಅಮ್ಮಾ. ಮೊದಲ ಪಟ್ಟಣ ನ್ಯೂರೆಂಬರ್ಗ್. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಡಿಯಾರದಿಂದ ಪುಟ್ಟ ಬೊಂಬೆಗಳು ಹೊರಬಂದು ರಾಜನ ಸುತ್ತ ತಿರುಗುವುದನ್ನು ನೋಡಲು ಎರಡು ದಿನದ ಕೂಲಿ ಬಿಟ್ಟೆ. ಮಾತಾಡಲು ನಾಚುವ ನಾನು ವಿಯೆನ್ನಾದ ದೊಡ್ಡ ಚರ್ಚಿನಲ್ಲಿ ಕಾವಲುಗಾರನ ಬೆನ್ನು ಬಿಡದೆ ಅಟ್ಟ ತೋರಿಸಿ ಎಂದು ಬೇಡಿದೆ. "ಜನ ದೇವರನ್ನ ನೋಡೋಕೆ ಬರ್ತಾರೆ, ನೀನು ದೇವರ ತಲೆ ಮೇಲಿನ ಅಟ್ಟ ನೋಡೋಕೆ ಬಂದ್ಯಾ" ಎಂದು ಬೈದು ಕರೆದೊಯ್ದ. ಒಳಗೆ ಒಂದು ಕಾಡೇ ನಿಂತಿತ್ತು. ನೂರಾರು ವರ್ಷದ ತೊಲೆಗಳು, ಒಂದೊಂದರಲ್ಲೂ ಬಡಗಿಯ ಗುರುತು. ಊರಿನ ಶಾಲೆಯಲ್ಲಿ ನಾನು ಕಲಿತದ್ದು ಸ್ವಲ್ಪ. ಉಳಿದದ್ದನ್ನು ಅಲ್ಲಿ ತಲೆಯೆತ್ತಿ ಓದಿದೆ.

ಅಪ್ಪನ ಪಯಣದ ಪುಸ್ತಕ ಪೆಟ್ಟಿಗೆಯ ತಳದಲ್ಲಿರುವುದು ನಿನಗೂ ಗೊತ್ತು. ಏಳು ಊರಿನ ಮುದ್ರೆ, ಆಮೇಲೆ ಖಾಲಿ ಹಾಳೆಗಳು. ಕಾಯಿಲೆಯೆಂದು ಅಜ್ಜಿ ಕರೆಸಿಕೊಂಡಿದ್ದರಂತೆ, ಅಪ್ಪ ಹೊರಟ ಒಂಬತ್ತನೇ ತಿಂಗಳಿಗೇ. ಅಜ್ಜಿಗೆ ಏನೂ ಆಗಿರಲಿಲ್ಲವೆಂದು ನೀನೇ ಒಮ್ಮೆ ಹೇಳಿದ್ದೆ. ಅದಕ್ಕೇ ಅಪ್ಪ ಇಪ್ಪತ್ತೈದು ವರ್ಷದಿಂದ ಅದೇ ನ್ಯೂರೆಂಬರ್ಗಿನ ಕಥೆ ಹೇಳುತ್ತಿದ್ದಾರೆ. ನನಗೆ ಅವರ ಮೇಲೆ ಕನಿಕರವಿದೆ. ಆದರೆ ನನ್ನ ಹಾಳೆಗಳನ್ನು ಖಾಲಿ ಬಿಡುವುದಿಲ್ಲ. ಗಿರಣಿಯ ಮಾಡು ಯಾರಾದರೂ ಕಟ್ಟಲಿ, ಅಪ್ಪ ತಮ್ಮ ಕಾರ್ಯಾಗಾರವನ್ನು ಯಾರಿಗಾದರೂ ಕೊಡಲಿ. ಇನ್ನು ಒಂದೂವರೆ ವರ್ಷ ನಾನು ಬರುವುದಿಲ್ಲ. ಅಪ್ಪನಿಗೆ ಬೇರೆ ಕಾಗದದಲ್ಲಿ ಎರಡೇ ಸಾಲು ಬರೆದಿದ್ದೇನೆ: "ಅಮ್ಮ ಸಂತೆಗೆ ಹೋಗುವಷ್ಟು ಗುಣವಾಗಿದ್ದಾಳೆಂದು ಕೇಳಿ ಸಂತೋಷವಾಯಿತು. ನಾನು ಗೆರೆಯ ಈಚೆ ಇದ್ದೇನೆ."

ಪಕ್ಕದ ಮನೆಯವರಿಗೆ ನನ್ನ ನಮಸ್ಕಾರ, ಮುದಿ ನಾಯಿಗೆ ಒಂದು ಮೂಳೆ. ನೀನು ಮನಸ್ಸಿನಲ್ಲೇ ನನ್ನ ತಲೆಯ ಮೇಲೆ ಕೈಯಿಡು, ಅಷ್ಟು ಸಾಕು.

ನಿನ್ನ ಮಗ,
ಕಿಲಿಯಾನ್

ಮರೆತೆ: ಅಷ್ಟು ಸಾಲದು. ಇದನ್ನು ವೆಂಡೆಲಿನ್ ಮಾವ ನಿನ್ನ ಕೈಗೇ ಕೊಡುತ್ತಾರೆ. ಗೆರೆ ನನಗೆ, ನಿನಗಲ್ಲ. ನಮ್ಮ ಸ್ಟೇಷನ್ನಿನಿಂದ ಇಲ್ಲಿಗೆ ಎರಡು ಗಂಟೆಯ ರೈಲು. 22ರ ಗುರುವಾರ ಹತ್ತು ಗಂಟೆಗೆ ಸೇತುವೆಯ ನಡುವೆ ನಿಂತಿರುತ್ತೇನೆ. ನೀನು ಹುಟ್ಟಿದ ಮೇಲೆ ಪಟ್ಟಣ ನೋಡಿಲ್ಲ, ಇಲ್ಲಿಯ ಚರ್ಚಿನ ಅಟ್ಟಕ್ಕೆ ನಾನೇ ಕೈಹಿಡಿದು ಹತ್ತಿಸುತ್ತೇನೆ. ನೀನು ಹೋದರೆ ನನ್ನ ಊಟಕ್ಕೇನು ಗತಿ ಎಂದು ಅಪ್ಪ ಕೇಳಿದರೆ, ಹಾಸಿಗೆ ಹಿಡಿದವಳು ಅಡುಗೆ ಮಾಡುವುದುಂಟೇ ಎಂದು ಹೇಳಿ ಹೊರಟು ಬಾ.