ಹಿತ್ತಿಲಿನ ಗುಂಡಿಗೆ ಸಲ್ಲಬೇಕಾದ ಮಾರ್ಕು

ಸಿದ್ದಯ್ಯಣ್ಣಾ,

ನೀವಿರುವ ಕಡೆ ಕರೆಂಟು ಕಂಬ ಹತ್ತುವ ಕೆಲಸ ಇರಲಾರದು, ಹಾಗಾಗಿ ಓದಲು ಬಿಡುವಿದ್ದೀತು ಎಂದುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ನಾನು ಗೆಂಡೆಹಳ್ಳಿಯ ಕಂಪ್ಯೂಟರ್ ಮೇಡಂ, ಪದ್ಮಾ. ಮಾತು ಜಾಸ್ತಿ, ಮಾರ್ಕು ಕಮ್ಮಿ ಅಂತ ನೀವು ಆಡಿಕೊಳ್ಳುತ್ತಿದ್ದಿರಲ್ಲ, ಅವಳೇ. ಮಾತು ಈಗಲೂ ಹಾಗೇ ಇದೆ. ಮಾರ್ಕಿನ ವಿಚಾರಕ್ಕೇ ಈ ಕಾಗದ.

ನೀವು ಮೊದಲ ಸಲ ನಮ್ಮ ಸೆಂಟರಿನೊಳಗೆ ಕಾಲಿಟ್ಟದ್ದು ನೆನಪಿದೆಯೇ? ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟುಕೊಂಡು ದೊಡ್ಡದಾಗಿ ಬೋರ್ಡು ಹಾಕಿಸಿದ್ದೆ. ಮೂರು ತಿಂಗಳಿನಲ್ಲಿ ಎರಡು ಸಲ ಮಿಷಿನ್ನು ಸುಟ್ಟುಹೋಗಿತ್ತು. ಮುಟ್ಟಿದವರ ಕೈ ಜುಂ ಎನ್ನುತ್ತಿತ್ತು. ಹಾಸನದಿಂದ ಬಂದ ಎಂಜಿನಿಯರು "ಧೂಳು" ಎಂದು ಹೇಳಿ, ಕಾಫಿ ಕುಡಿದು ಹೊರಟುಹೋದ. ಇದೆಲ್ಲ ನಮ್ಮೂರಿಗೆ ಆಗಿಬರೋದಲ್ಲ ಎಂದು ಊರವರು ತೀರ್ಪು ಕೊಟ್ಟಾಗಿತ್ತು. ಮಾವನವರಂತೂ ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಆ ಕೋಣೆಗೆ ಗೊಬ್ಬರದ ಚೀಲ ಇಳಿಸುತ್ತೇನೆ ಎಂದಿದ್ದರು. ಅಂಥ ಹೊತ್ತಿನಲ್ಲಿ ಫ್ಯೂಸ್ ಕಟ್ಟಲು ಬಂದ ನೀವು, ಯಾರೂ ಕೇಳದೇ ಇದ್ದರೂ, ಜೇಬಿನ ಟೆಸ್ಟರನ್ನು ಕಂಪ್ಯೂಟರಿನ ಡಬ್ಬಿಗೆ ಒತ್ತಿದಿರಿ. ಟೆಸ್ಟರಿನ ದೀಪ ಹತ್ತಿಕೊಂಡಿತು.

"ಮೇಡಮ್ಮೋರೆ, ಕರೆಂಟು ಒಳಕ್ಕೆ ಬರಕ್ಕೆ ದಾರಿ ಐತೆ, ಹೊರಕ್ಕೆ ಹೋಗಕ್ಕೆ ಇಲ್ಲ. ಬಂದ ನೆಂಟ ಇಲ್ಲೇ ಕೂತವ್ನೆ. ಅವನ್ನ ಭೂಮಿಗೆ ಇಳಿಸ್ಬೇಕು. ಅರ್ಥಿಂಗ್ ಗುಂಡಿ ತೋಡಾಣ" ಎಂದಿರಿ.

ಆ ಭಾನುವಾರ, ನಿಮ್ಮ ರಜೆಯ ದಿನ, ಗುದ್ದಲಿ ಹಿಡಿದು, ಹೆಗಲ ಮೇಲೆ ಇದ್ದಿಲಿನ ಮೂಟೆ ಹೊತ್ತು ಬಂದಿರಿ. ನಡುಮನೆ ದಾಟಿದರೆ ನಮ್ಮ ಹಿತ್ತಿಲು ಹತ್ತು ಹೆಜ್ಜೆ. ನೀವು ಮನೆಯನ್ನು ಪೂರ್ತಿ ಬಳಸಿಕೊಂಡು, ಬೇಲಿಯ ಸಂದಿಯಲ್ಲಿ ಮೂಟೆಯ ಸಮೇತ ನುಗ್ಗಿ ಬಂದಿರಿ. ನಿಮ್ಮ ಕೇರಿಯವರು ನಡುಮನೆ ದಾಟುವುದು ನಮ್ಮ ಅತ್ತೆಗೆ ಆಗದು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗಿಂದಲೇ ಬನ್ನಿ ಅಂತ ನಾನಾದರೂ ಒಂದು ಮಾತು... ಊರಿಗೆಲ್ಲ ಬಾಯಿ ಮಾಡುವವಳು ಆವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೊದಲ ಗುಂಡಿ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಬಂಡೆ ಸಿಕ್ಕಿತು. ನಾನು ಮುಖ ಸಣ್ಣ ಮಾಡಿದೆ. ನೀವು ಬೆವರು ಒರೆಸಿಕೊಂಡು, ಆಚೆ ಬಾಳೆಗಿಡದ ಪಕ್ಕಕ್ಕೆ ಹೋಗಿ ಮತ್ತೆ ಮೊದಲಿನಿಂದ ಅಗೆದಿರಿ. ಕೊಳವೆ ನಿಲ್ಲಿಸಿ, ಒಂದು ಪದರ ಉಪ್ಪು, ಒಂದು ಪದರ ಇದ್ದಿಲು ತುಂಬಿದಿರಿ.

"ದಿನಾ ಒಂದ್ ಕೊಡ ನೀರು ಹುಯ್ಯಿರಿ, ತಪ್ಪಿಸ್ಬ್ಯಾಡಿ. ಗುಂಡಿ ಒಣಗ್ತೋ, ಮಿಷಿನ್ ಕತೆ ಮುಗೀತು."

ತಪ್ಪಿಸಲಿಲ್ಲ. ಮಿಷಿನ್ನು ಮತ್ತೆ ಸುಡಲೂ ಇಲ್ಲ. ದೀಪಾವಳಿಗೆ ಗೊಬ್ಬರದ ಚೀಲದ ಬದಲು ಎರಡನೆಯ ಕಂಪ್ಯೂಟರ್ ಬಂತು.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನು ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಹಿತ್ತಿಲಿಗೆ ಹೋಗಿ ಕೊಡ ಬಗ್ಗಿಸುವುದನ್ನು ಅತ್ತೆ ಒಂದು ವಾರ ನೋಡಿದರು. ಎಂಟನೆಯ ದಿನ ನಾನು ಹೋಗುವಷ್ಟರಲ್ಲಿ ಕೊಳವೆಗೆ ಅರಿಶಿನ ಕುಂಕುಮ, ಮೇಲೊಂದು ಕಣಗಿಲೆ ಹೂ! "ಏನೋ ಶಕ್ತಿ ಕೂರ್‌ಸವ್ರೆ ಕಣೇ, ಅದಕ್ಕೇ ಮಿಷಿನ್ ನೆಟ್ಟಗಾಯ್ತು" ಎಂದರು. ಉಪ್ಪು ಇದ್ದಿಲು ಅಂತ ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಪರೀಕ್ಷೆಗೆ ಬಂದ ಹುಡುಗಿಯರೂ ಗುಂಡಿಗೆ ಮೂರು ಸುತ್ತು ಬಂದು ಕೂರತೊಡಗಿದರು. ನೀವು ಒಂದು ದಿನ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. "ನಾನ್ ತೋಡಿದ್ ಗುಂಡಿ ದ್ಯಾವ್ರಾಗೋಯ್ತಲ್ಲ ಮೇಡಮ್ಮೋರೆ! ನಾನು ಮಾತ್ರ ಇನ್ನೂವೆ ಬೇಲಿ ಸಂದೀಲೇ ಬತ್ತೀನಿ" ಎಂದಿರಿ. ನಾನೂ ನಿಮ್ಮ ಜೊತೆ ನಕ್ಕೆ. ಹೇಗೆ ನಕ್ಕೆನೋ? ಆ ನಗುವಿಗೆ ಮಾತ್ರ ಈಗ ನಾಚಿಕೆಯಾಗುತ್ತದೆ, ಅಣ್ಣ.

ನಿಮ್ಮ ಮಗಳು ಸುಜಾತ ನನ್ನ ಬಳಿ ಕಲಿಯಲು ಬಂದಾಗ ಸೆಂಟರಿನಲ್ಲಿ ಆರು ಮಿಷಿನ್ನು ಓಡುತ್ತಿದ್ದವು. ಆ ವರ್ಷದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ: ಪರ್ಸನಲ್ ಕಂಪ್ಯೂಟರ್ ಬೆಳೆದು ಬರಲು ಕಾರಣರಾದವರು ಯಾರು? ಗೈಡಿನಲ್ಲಿದ್ದ ಉತ್ತರ, ಅಮೆರಿಕದ ಯಾವುದೋ ಕಾರು ಶೆಡ್ಡಿನಲ್ಲಿ ಕೂತು ಅದನ್ನು ಜೋಡಿಸಿದ ಹುಡುಗರು. ಎಲ್ಲರೂ ಅದನ್ನೇ ಬರೆದರು. ನಿಮ್ಮ ಮಗಳು ಬರೆದದ್ದು, "ಮಾಡಿದವರು ಅಮೆರಿಕದವರು. ಆದರೆ ನಮ್ಮೂರಿನಲ್ಲಿ ಅದು ಬದುಕಿದ್ದು ಲೈನ್‌ಮ್ಯಾನ್ ಸಿದ್ದಯ್ಯನವರು ಗುಂಡಿ ತೋಡಿದ್ದರಿಂದ." ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆದೆ. ಒಂದೇ ಒಂದು ಮಾರ್ಕಿನಲ್ಲಿ ಅವಳಿಗೆ ಮೊದಲ ಸ್ಥಾನ ತಪ್ಪಿತು. ಪ್ರತಿ ಬ್ಯಾಚಿಗೆ ಮೊದಲು ಬಂದವರ ಹೆಸರು ಬರೆಸುವ ಬೋರ್ಡು ಇತ್ತಲ್ಲ, ಅದರ ಮೇಲೆ ಬೇರೆ ಹುಡುಗಿಯ ಹೆಸರು ಬಂತು.

ನೀವು ಆ ಉತ್ತರಪತ್ರಿಕೆ ಹಿಡಿದು ಬಂದ ಸಂಜೆ ನಾನು ಜಗಳಕ್ಕೇ ತಯಾರಾಗಿ ಕೂತಿದ್ದೆ. ಪದ್ಮಾ ಮೇಡಂ ಹಾಕಿದ ಮಾರ್ಕನ್ನು ಬ್ರಹ್ಮ ಬಂದರೂ ತಿದ್ದಿಸಲಾರ ಎಂದು ಊರಲ್ಲಿ ಹೆಸರು, ಆ ಹೆಸರಿನ ಮೇಲೆ ನನಗೆ ಎಲ್ಲಿಲ್ಲದ ಅಭಿಮಾನ. ನೀವು ಜಗಳವಾಡಲಿಲ್ಲ. ಮಗಳು ಬರೆದ ಸಾಲನ್ನು ಎರಡು ಸಲ ಓದಿದಿರಿ. "ಪುಸ್ತಕದಲ್ಲಿಲ್ಲ ಅಂದ್ಮ್ಯಾಕೆ ತಪ್ಪೇಯ ಬುಡಿ" ಎಂದು ಕಾಗದವನ್ನು ಮೇಜಿನ ಮೇಲಿಟ್ಟು ಹೊರಟಿರಿ. ಬಾಗಿಲಲ್ಲಿ ತಿರುಗಿ, "ನೀರು ಹುಯ್ತಿದ್ದೀರಿ ತಾನೆ?" ಎಂದು ಕೇಳಿದಿರಿ. ಮರುವರ್ಷ ಹಾಸನದ ಆಸ್ಪತ್ರೆಗೆ ಹೋದವರು ನಡೆದುಕೊಂಡು ಹಿಂದಿರುಗಲಿಲ್ಲ. ನಾನು ಹೇಳಬೇಕಾಗಿದ್ದದ್ದು ನನ್ನಲ್ಲೇ...

ಹೋದ ವಾರ ಆ ಬೋರ್ಡಿಗೆ ಹೊಸ ಬಣ್ಣ ಹೊಡೆಯಲು ಪೇಂಟರ್ ಬಂದ. ನಾನು ಒಂದೊಂದೇ ಹೆಸರು ಓದಿ ಹೇಳುತ್ತಿದ್ದೆ, ಸುಜಾತಳ ಬ್ಯಾಚಿಗೆ ಬಂದಾಗ ನಿಲ್ಲಿಸಿದೆ. ಅವನನ್ನು ಕಾಫಿಗೆ ಕಳಿಸಿ ಹಳೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಈಗ ನನ್ನ ವಾದ ಕೇಳಿ, ಅಣ್ಣ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಶೆಡ್ಡಿನ ಹುಡುಗರಿಗೆ ಸಲ್ಲಬೇಕಾದದ್ದು ಸಲ್ಲಲಿ, ಅವರ ಮೇಲೆ ನನಗೇನು ಹಗೆಯೇ? ಆದರೆ ಆ ಶೆಡ್ಡಿನಿಂದ ಗೆಂಡೆಹಳ್ಳಿಯವರೆಗಿನ ದಾರಿಯನ್ನು ಯಾವ ಗೈಡು ಬರೆದಿದೆ? ಬಿಕ್ಕೋಡಿನಲ್ಲಿ, ಹಾರನಹಳ್ಳಿಯಲ್ಲಿ, ಎಲ್ಲಿ ಕಂಪ್ಯೂಟರ್ ಉಳಿಯಿತೋ ಅಲ್ಲೆಲ್ಲ ಯಾರೋ ಒಬ್ಬರು ಮಣ್ಣು ಅಗೆದಿದ್ದಾರೆ. ಬೇಲೂರಿಗೆ ಬಂದವರು ಮದನಿಕೆಯರನ್ನು ಕತ್ತೆತ್ತಿ ನೋಡುತ್ತಾರೆ, ಪಾಯದ ಕಲ್ಲನ್ನು ಬಗ್ಗಿ ನೋಡುವವರು ಯಾರು? ಕಂಪ್ಯೂಟರ್ ಮಾಡಿದವರು ಬೇರೆ, ಅದನ್ನು ನಮ್ಮದು ಮಾಡಿದವರು ಬೇರೆ. ನಿಮ್ಮ ಮಗಳು ಇಬ್ಬರನ್ನೂ ಬರೆದಿದ್ದಳು. ಸರಿಯಾದ ಉತ್ತರ ಅವಳದೊಂದೇ.

ಮೊನ್ನೆ ಭಾನುವಾರ ಫೋನು ಮಾಡಿ ಕರೆಸಿದೆ. ಸುಜಾತ ಈಗ ಅರಸೀಕೆರೆಯ ಶಾಲೆಯಲ್ಲಿ ಟೀಚರು, ಮೊದಲ ಬಸ್ಸಿಗೇ ಬಂದಳು. ಅಭ್ಯಾಸಬಲದಿಂದ ಬೇಲಿಯ ಕಡೆ ತಿರುಗಿದವಳ ಕೈ ಹಿಡಿದು ನಡುಮನೆಯೊಳಗಿಂದಲೇ ಹಿತ್ತಿಲಿಗೆ ಕರೆದುಕೊಂಡು ಹೋದೆ. ಮಂಚದ ಮೇಲಿದ್ದ ಅತ್ತೆ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಬದಲಾದರೋ, ಸುಸ್ತಾದರೋ, ನನಗೆ ತಿಳಿಯದು. ಗುಂಡಿಯ ಪಕ್ಕ ನಿಂತು ಅದೇ ಕೆಂಪು ಪೆನ್ನಿನಲ್ಲಿ ಅವಳ ಹಳೆಯ ಉತ್ತರಪತ್ರಿಕೆಯ ಅಡ್ಡಗೀಟನ್ನು ಹೊಡೆದು ಹಾಕಿ, ಸರಿ ಗುರುತು ಹಾಕಿ, ಒಂದು ಮಾರ್ಕು ಕೊಟ್ಟು, ಸಹಿ ಮಾಡಿ ಕೈಗಿತ್ತೆ. ಅವಳು ತಲೆ ಬಗ್ಗಿಸಿ ಓದಿದಳು. ಅಳುತ್ತಾಳೇನೋ ಎಂದುಕೊಂಡೆ. ತಲೆ ಎತ್ತಿದಾಗ ಥೇಟ್ ನಿಮ್ಮದೇ ನಗು.

"ಒಂದೇನಾ ಮೇಡಂ? ನಮ್ಮಪ್ಪ ಎರಡು ಗುಂಡಿ ತೋಡಿದ್ರಲ್ಲ."

ಇಷ್ಟು ವರ್ಷ ಕೊಟ್ಟ ಮಾರ್ಕನ್ನು ಒಮ್ಮೆಯೂ ತಿದ್ದದವಳು, ಆವತ್ತು ಒಂದೇ ಉತ್ತರಕ್ಕೆ ಎರಡು ಸಲ ತಿದ್ದಿದೆ. ಒಂದು ಮಾರ್ಕಿಗೆ ಅವಳು ಆ ಇನ್ನೊಬ್ಬ ಹುಡುಗಿಗೆ ಸರಿಸಮ, ಎರಡಕ್ಕೆ ಮುಂದೆ. ಆ ಹುಡುಗಿಯ ಹೆಸರನ್ನು ಅಳಿಸಿಲ್ಲ, ಅವಳ ತಪ್ಪೇನಿದೆ? ಅದರ ಮೇಲೊಂದು ಸಾಲು ಸೇರಿಸಿದ್ದೇನೆ, ಸುಜಾತ ಸಿದ್ದಯ್ಯ ಎಂದು. ಬಣ್ಣ ಇನ್ನೂ ಹಸಿಯಾಗಿದೆ. ನಿಮ್ಮ ಮಗಳು ಆ ಬ್ಯಾಚಿಗೆ ಮೊದಲು, ಸಿದ್ದಯ್ಯಣ್ಣ.

ಕೊಡ ತುಂಬಿಟ್ಟು ಬಂದಿದ್ದೇನೆ, ಇನ್ನು ಹಿತ್ತಿಲಿಗೆ ಹೊರಡುತ್ತೇನೆ.

ಪದ್ಮಾ